ತಾರೀಖನ್ನು ನಂಬಿದ ಫೈಲುಗಳು

ಒಂದೇ ಫೈಲು ಎರಡು ಕಡೆ ಇದ್ದಾಗ, ಒಂದು ಕಡೆ ಮಾಡಿದ ತಿದ್ದುಪಡಿಯನ್ನು ಇನ್ನೊಂದು ಕಡೆಗೂ ಮುಟ್ಟಿಸುವುದು ಸಿಂಕ್ ತಂತ್ರಾಂಶದ ಕೆಲಸ. ಮನೆಯ ಕಂಪ್ಯೂಟರು ಮತ್ತು ಕಚೇರಿಯ ಕಂಪ್ಯೂಟರು, ಲ್ಯಾಪ್‌ಟಾಪ್ ಮತ್ತು ಕ್ಲೌಡ್, ಹಾರ್ಡ್ ಡಿಸ್ಕ್ ಮತ್ತು ಪೆನ್ ಡ್ರೈವ್, ಹೀಗೆ ಜೋಡಿ ಯಾವುದೇ ಇರಲಿ, ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಒಂದೇ: ಕಳೆದ ಸಲ ನೋಡಿದ ಮೇಲೆ ಈ ಫೈಲು ಬದಲಾಗಿದೆಯೇ? ಬದಲಾಗಿದೆ ಎಂದು ಗೊತ್ತಾದರೆ ನಕಲು ಮಾಡುವುದು ದೊಡ್ಡ ಕೆಲಸವಲ್ಲ. ಗೊತ್ತಾಗದೇ ಹೋದಾಗಲೇ ತೊಂದರೆ. ಆಗ ತಂತ್ರಾಂಶ ಎರರ್ ತೋರಿಸುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಎಲ್ಲ ಸರಿಯಾಗಿದೆ ಎಂದೇ ಹೇಳುತ್ತದೆ.

ಬದಲಾವಣೆಯನ್ನು ಖಚಿತವಾಗಿ ತಿಳಿಯಬೇಕಾದರೆ ಎರಡೂ ಕಡೆಯ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಬೇಕು. ಸಾವಿರಗಟ್ಟಲೆ ಫೈಲುಗಳಿರುವ ಡಿಸ್ಕಿನಲ್ಲಿ ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಆದ್ದರಿಂದ ಬಹುಪಾಲು ತಂತ್ರಾಂಶಗಳು ಫೈಲನ್ನು ತೆರೆದು ನೋಡುವ ಗೋಜಿಗೇ ಹೋಗುವುದಿಲ್ಲ. ಪ್ರತಿ ಫೈಲಿನ ಹೆಸರಿನ ಜೊತೆ ಡಿಸ್ಕಿನಲ್ಲಿ ದಾಖಲಾಗಿರುವ ಎರಡು ವಿವರಗಳನ್ನು ನೋಡಿ ತೀರ್ಮಾನಿಸಿಬಿಡುತ್ತವೆ: ಕೊನೆಯ ಸಲ ತಿದ್ದಿದ ವೇಳೆ, ಮತ್ತು ಬೈಟ್ ಲೆಕ್ಕದಲ್ಲಿ ಗಾತ್ರ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಈ ಕ್ಷೇತ್ರದ ಹಿರಿಯ ತಂತ್ರಾಂಶ. ದೊಡ್ಡ ಫೈಲಿನಲ್ಲಿ ಬದಲಾದ ತುಣುಕುಗಳನ್ನಷ್ಟೇ ಹುಡುಕಿ ಕಳಿಸುವ ಅದರ ಜಾಣತನವನ್ನು ಈಗಲೂ ಮೆಚ್ಚಲೇಬೇಕು. ಆದರೆ ಆ ಜಾಣತನಕ್ಕೆ ಕೆಲಸ ಸಿಗುವುದು ವೇಳೆ ಅಥವಾ ಗಾತ್ರ ಬೇರೆ ಎಂದು ಕಂಡ ಮೇಲೆ. ಎರಡೂ ಒಂದೇ ಆಗಿದ್ದರೆ ಆರ್‌ಸಿಂಕ್ ಆ ಫೈಲನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ಈ ಎರಡು ಗುರುತುಗಳೂ ಒಟ್ಟಿಗೆ ಸುಳ್ಳು ಹೇಳುವ ಅತ್ಯಂತ ಸ್ಪಷ್ಟ ಉದಾಹರಣೆ ಗೂಢಲಿಪಿಯ ಪೆಟ್ಟಿಗೆ ಫೈಲುಗಳದ್ದು. 2004ರಲ್ಲಿ ಬಂದು 2014ರಲ್ಲಿ ನಿಂತುಹೋದ ಟ್ರೂಕ್ರಿಪ್ಟ್, ಅದರ ಮುಂದುವರಿಕೆಯಾದ ವೆರಾಕ್ರಿಪ್ಟ್, ಇವೆರಡೂ ಗೋಪ್ಯ ಕಡತಗಳನ್ನು ಒಂದೇ ದೊಡ್ಡ ಫೈಲಿನೊಳಗೆ ಬೀಗ ಹಾಕಿ ಇಡುತ್ತವೆ. ಪೆಟ್ಟಿಗೆಯ ಗಾತ್ರ ಅದನ್ನು ಮಾಡಿದ ದಿನವೇ ನಿಗದಿಯಾಗಿರುತ್ತದೆ. ಒಳಗೆ ಒಂದು ಪತ್ರ ಇಟ್ಟರೂ ಅಷ್ಟೇ, ನೂರು ಪತ್ರ ಇಟ್ಟರೂ ಅಷ್ಟೇ. ಇನ್ನು ವೇಳೆ: ಪೆಟ್ಟಿಗೆಯನ್ನು ಯಾವಾಗ ಬಳಸಿದರು ಎಂಬ ಸುಳಿವು ಹೊರಗಿನವರಿಗೆ ಸಿಗಬಾರದೆಂದು, ಒಳಗೆ ಏನೇ ಬರೆದರೂ ಫೈಲಿನ ಹಳೆಯ ವೇಳೆಯನ್ನೇ ಉಳಿಸುವ ಆಯ್ಕೆಯನ್ನು ಈ ತಂತ್ರಾಂಶಗಳು ಮೊದಲೇ ಒತ್ತಿಟ್ಟು ಕೊಡುತ್ತವೆ. ಗೋಪ್ಯತೆಯ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರವೇ. ಆದರೆ ಅದೇ ಪೆಟ್ಟಿಗೆಯನ್ನು ಕ್ಲೌಡ್ ಫೋಲ್ಡರಿನಲ್ಲಿ ಇಟ್ಟರೆ, ತಾರೀಖು ಮತ್ತು ಗಾತ್ರವನ್ನೇ ನಂಬುವ ಸಿಂಕ್ ತಂತ್ರಾಂಶಕ್ಕೆ ಅದು ಎಂದೂ ಬದಲಾಗದ ಫೈಲು.

ಪರಿಚಯದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಈಚೆಗೆ ಆದದ್ದು ಇದೇ. ಕಕ್ಷಿದಾರರ ಲೆಕ್ಕಪತ್ರಗಳೆಲ್ಲ ಅಂಥ ಒಂದು ಪೆಟ್ಟಿಗೆಯಲ್ಲಿದ್ದವು, ಪೆಟ್ಟಿಗೆ ಕ್ಲೌಡ್ ಫೋಲ್ಡರಿನಲ್ಲಿತ್ತು, ಅದರ ಮೇಲೆ ಸಿಂಕ್ ಆಗಿದೆ ಎನ್ನುವ ಹಸಿರು ಟಿಕ್ ಇತ್ತು. ಹಾರ್ಡ್ ಡಿಸ್ಕ್ ಕೈಕೊಟ್ಟ ಮೇಲೆ ಕ್ಲೌಡಿನಿಂದ ಇಳಿಸಿಕೊಂಡು ತೆರೆದರೆ ಒಳಗಿದ್ದದ್ದು ಮೊದಲ ದಿನ ಇಟ್ಟ ನಾಲ್ಕಾರು ಕಡತಗಳು ಮಾತ್ರ. ಉಳಿದವನ್ನು ಹಳೆಯ ಇ-ಮೇಲ್‌ಗಳಿಂದ ಹೆಕ್ಕಿ ತೆಗೆಯಬೇಕಾಯಿತು. ಆ ಹೆಕ್ಕುವ ಕೆಲಸಕ್ಕೆ ಕೈ ಜೋಡಿಸಿದ ಈ ಸಾಲುಗಳ ಲೇಖಕನಿಗೆ ಹಸಿರು ಟಿಕ್ ಹೊಸದಾದರೂ, ಅದು ಹೇಳಿದ ಮಾತು ಹೊಸದಲ್ಲ. ಅದೇ ಮಾತನ್ನು ಇಪ್ಪತ್ತೈದು ವರ್ಷಕ್ಕೂ ಹಿಂದೆ ಒಂದು ಕಪ್ಪು ಪರದೆ ಬಿಳಿ ಅಕ್ಷರಗಳಲ್ಲಿ ಹೇಳಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮಲೆನಾಡಿನ ಅಂಚಿನ ಒಂದು ಊರಿನ ಪ್ರಿಂಟಿಂಗ್ ಪ್ರೆಸ್ಸು. ಮೊಳೆ ಜೋಡಿಸುವ ಕಾಲ ಮುಗಿದು, ಅಚ್ಚುಮೊಳೆಗಳ ಕೇಸುಗಳು ಅಟ್ಟ ಸೇರಿ, ಅವುಗಳಿದ್ದ ಜಾಗದಲ್ಲಿ ಡಿಟಿಪಿ ಕಂಪ್ಯೂಟರು ಬಂದು ಕುಳಿತಿತ್ತು. ಮಂಗಳಪತ್ರ, ಬಿಲ್ ಬುಕ್, ಸೊಸೈಟಿಯ ವಾರ್ಷಿಕ ವರದಿ, ಚುನಾವಣೆ ಬಂದರೆ ಕರಪತ್ರ. ಆಪರೇಟರ್ ಅಕ್ಕ ಟೈಪ್ ಮಾಡಿ, ಪೇಜ್‌ಮೇಕರಿನಲ್ಲಿ ಪುಟ ಕಟ್ಟಿ, ಬಟರ್ ಶೀಟಿನ ಮೇಲೆ ಪ್ರಿಂಟ್ ತೆಗೆದರೆ ಅದು ಪ್ಲೇಟ್ ಮಾಡಲು ಹೋಗುತ್ತಿತ್ತು. ಯಜಮಾನರ ಮನೆಯಲ್ಲಿ ಇನ್ನೊಂದು ಕಂಪ್ಯೂಟರು. ಹಗಲು ಪ್ರೆಸ್ಸಿನಲ್ಲಿ ಕರೆಂಟು ಕೈಕೊಟ್ಟ ಹೊತ್ತಿನ ಕೆಲಸವನ್ನು ರಾತ್ರಿ ಅವರು ಮನೆಯಲ್ಲಿ ಕುಳಿತು ಮುಗಿಸುತ್ತಿದ್ದರು. ಎರಡರ ನಡುವೆ ತಂತಿಯಿಲ್ಲ, ಮೋಡೆಮ್ಮಿಲ್ಲ. ಶರ್ಟಿನ ಜೇಬಿನಲ್ಲಿ 1.44 ಎಂಬಿಯ ಫ್ಲಾಪಿ ಇಟ್ಟುಕೊಂಡು ಸೈಕಲ್ ತುಳಿಯುವ ಒಬ್ಬ ಹುಡುಗ ಇದ್ದ. ಕಾಲೇಜು ಬಿಟ್ಟ ಮೇಲೆ ಸಂಜೆ ಆ ಕೆಲಸ ಮಾಡುತ್ತಿದ್ದವನೇ ಈ ಲೇಖಕ.

ಫ್ಲಾಪಿಯಿಂದ ಹಾರ್ಡ್ ಡಿಸ್ಕಿಗೆ, ಹಾರ್ಡ್ ಡಿಸ್ಕಿನಿಂದ ಫ್ಲಾಪಿಗೆ ನಕಲು ಮಾಡಲು ಕಂಪ್ಯೂಟರು ಜೋಡಿಸಿಕೊಟ್ಟಿದ್ದ ಇನ್ನೊಬ್ಬ ಹುಡುಗ ಎರಡು ಬ್ಯಾಚ್ ಫೈಲು ಬರೆದುಕೊಟ್ಟಿದ್ದ. ಅವುಗಳ ನಿಯಮ ಸರಳ: ಎರಡು ಕಡೆಯ ತಾರೀಖು ಹೋಲಿಸು, ಹೊಸದು ಹಳೆಯದರ ಮೇಲೆ ಹೋಗಲಿ, ಹಳೆಯದು ಹೊಸದರ ಮೇಲೆ ಹೋಗುವುದು ಬೇಡ. ಆ ಕಾಲಕ್ಕೆ ಇದೊಂದು ಮಾಯೆಯೇ. ಅದಕ್ಕೆ ಮೊದಲು ಯಾವ ಫೈಲು ಹೊಸದು ಎಂದು ಅಕ್ಕ ಮತ್ತು ಯಜಮಾನರು ದಿನಾ ವಾದ ಮಾಡುತ್ತಿದ್ದರು.

ನಿಯಮದಲ್ಲಿ ತಪ್ಪಿರಲಿಲ್ಲ. ತಪ್ಪು ಒಂದು ಸಣ್ಣ ಬ್ಯಾಟರಿಯಲ್ಲಿತ್ತು. ಕಂಪ್ಯೂಟರು ಆಫ್ ಆಗಿರುವಾಗಲೂ ಒಳಗಿನ ಗಡಿಯಾರ ಓಡುತ್ತಿರಲೆಂದು ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಸಿಡಿಲಿಗೆ ಹೆದರಿ ಪ್ರೆಸ್ಸಿನಲ್ಲಿ ಪ್ರತಿ ರಾತ್ರಿ ಮೇನ್ ಸ್ವಿಚ್ಚನ್ನೇ ಆರಿಸುತ್ತಿದ್ದರು. ಬ್ಯಾಟರಿ ಸತ್ತ ಮೇಲೆ ಬೆಳಿಗ್ಗೆ ಬೆಳಿಗ್ಗೆ ಕಂಪ್ಯೂಟರು ಏನೋ ದೂರು ಹೇಳಿ ಎಫ್1 ಒತ್ತಲು ಕೇಳುತ್ತಿತ್ತು, ಅಕ್ಕ ಒತ್ತುತ್ತಿದ್ದರು, ಯಂತ್ರ ಶುರುವಾಗುತ್ತಿತ್ತು. ತಾರೀಖು 1980ರ ಜನವರಿ 1ಕ್ಕೆ ಹೋಗಿ ನಿಂತಿರುವುದನ್ನು ಯಾರೂ ನೋಡಲಿಲ್ಲ, ನೋಡುವ ಕಾರಣವೂ ಇರಲಿಲ್ಲ. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು, ಅದನ್ನು ಅಚ್ಚು ಹಾಕಿದವರೂ ಅವರೇ.

ಒಂದು ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಆಗ ಕೈಯಲ್ಲಿತ್ತು. ಅದರ ಕೊನೆಯಲ್ಲಿ ದಾನಿಗಳ ಪಟ್ಟಿ. ಸ್ಮರಣ ಸಂಚಿಕೆಯಲ್ಲಿ ಊರವರು ಮೊದಲು ಓದುವುದು, ಅನೇಕರು ಓದುವುದೇ, ಆ ಪಟ್ಟಿಯನ್ನು. ಯಜಮಾನರು ಮನೆಯಲ್ಲಿ ಟೈಪ್ ಮಾಡಿ ತಂದ ಪಟ್ಟಿಗೆ ಪ್ರೂಫ್ ತೆಗೆದು, ಪ್ರೆಸ್ಸಿನ ಫೋರ್‌ಮನ್ನರು ಕೆಂಪು ಇಂಕಿನಲ್ಲಿ ಗುರುತು ಹಾಕಿ, ಅಕ್ಕ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತಿದ್ದಿದರು. ತಿದ್ದಿದ ಫೈಲಿಗೆ 1980ರ ಮುದ್ರೆ ಬಿತ್ತು. ಫ್ಲಾಪಿಯಲ್ಲಿದ್ದ ತಿದ್ದದ ಪ್ರತಿಗೆ 1999ರ ಮುದ್ರೆ ಇತ್ತು. ಸಂಜೆ ಬ್ಯಾಚ್ ಫೈಲು ಓಡಿಸಿದಾಗ ಒಂದೂ ಫೈಲು ನಕಲಾಗಲಿಲ್ಲ.

“ಯಜಮಾನ್ರೇ, ಜೀರೋ ಫೈಲ್ಸ್ ಅಂತ ಬರ್ತಿದೆ.”

“ಹಂಗಂದ್ರೆ ಎರಡೂ ಕಡೆ ಸಮ ಇದೆ ಅಂತ ಕಣಮ್ಮಾ. ಆಫ್ ಮಾಡು.”

ಮರುದಿನ ಬೆಳಿಗ್ಗೆ ಫ್ಲಾಪಿಯಿಂದ ಹಾರ್ಡ್ ಡಿಸ್ಕಿಗೆ ಅದೇ ನಿಯಮ ಓಡಿತು. 1999 ಎಂಬುದು 1980ಕ್ಕಿಂತ ಹೊಸದು ಎಂದು ಯಂತ್ರ ಲೆಕ್ಕ ಹಾಕಿತು. ತಿದ್ದಿದ ಪಟ್ಟಿಯ ಮೇಲೆ ತಿದ್ದದ ಪಟ್ಟಿ ಹೋಗಿ ಕುಳಿತಿತು. ಮೊದಲ ದಿನ ಬದಲಾವಣೆ ಕಾಣಲಿಲ್ಲ, ಎರಡನೆಯ ದಿನ ಆ ಬದಲಾವಣೆಯೇ ಅಳಿಸಿಹೋಯಿತು. ಸಿಂಕ್ ತಂತ್ರಾಂಶಗಳಲ್ಲಿ ಇಂದಿಗೂ ದತ್ತಾಂಶ ಈ ಎರಡು ಹೆಜ್ಜೆಯಲ್ಲಿ ಕಳೆದುಹೋಗಬಹುದು. ಗಾತ್ರ ಹೋಲಿಸಿದ್ದರೂ ಉಪಯೋಗವಾಗುತ್ತಿರಲಿಲ್ಲ. ತಿದ್ದುಪಡಿಗಳಲ್ಲಿ ಮುಖ್ಯವಾದವು ದೇಣಿಗೆಯ ಅಂಕಿಗಳು. 1001 ಇದ್ದದ್ದು 1101 ಆದರೆ ದಾನಿಯ ಗೌರವ ನೂರು ರೂಪಾಯಿ ಏರುತ್ತದೆ, ಟೆಕ್ಸ್ಟ್ ಫೈಲಿನ ಗಾತ್ರ ಒಂದು ಬೈಟೂ ಏರುವುದಿಲ್ಲ.

ಸಂಚಿಕೆ ಅಚ್ಚಾಗಿ ಬಂತು. ಸಮಾರಂಭದ ಹಿಂದಿನ ದಿನ ಫೋರ್‌ಮನ್ನರ ಕಣ್ಣಿಗೆ ಬಿತ್ತು. ಅವರು ಮೊಳೆ ಜೋಡಿಸುವ ಕಾಲದಿಂದ ಬಂದವರು, ಅಕ್ಷರವನ್ನು ತಲೆಕೆಳಗಾಗಿ ಓದಬಲ್ಲವರು. ಕಂಪ್ಯೂಟರಿನ ಮೇಲೆ ಅವರಿಗೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಯಾರನ್ನೂ ಬೈಯದೆ, ಗೋಡೆಯ ತಂತಿ ಕೊಕ್ಕೆಗೆ ಸಿಕ್ಕಿಸಿದ್ದ ಹಳೆಯ ಪ್ರೂಫುಗಳ ಕಂತೆಯಿಂದ ಕೆಂಪು ಗುರುತಿನ ಹಾಳೆಗಳನ್ನು ಬಿಡಿಸಿ ತೆಗೆದು, ಒಪ್ಪೋಲೆಯ ಚೀಟಿ ಅಚ್ಚು ಹಾಕಿಸಿದರು. ರಾತ್ರಿಯೆಲ್ಲ ಕುಳಿತು ಮೈದಾ ಅಂಟಿನಲ್ಲಿ ಅದನ್ನು ಪ್ರತಿ ಸಂಚಿಕೆಗೂ ಅಂಟಿಸಲಾಯಿತು. ಹಾಗೆ ಮಾಡಿಯೂ ಒಬ್ಬ ದಾನಿ ಹಲವು ದಿನ ಪ್ರೆಸ್ಸಿನ ಕಡೆ ತಲೆ ಹಾಕಲಿಲ್ಲ.

ಆಗ ಯುವಕರ ಕಣ್ಣಿಗೆ ಫೋರ್‌ಮನ್ನರು ಕಾಲಕ್ಕೆ ಹಿಂದೆ ಬಿದ್ದವರು. ಅವರ ಬಳಿ ಒಂದು ಲಾಂಗ್ ಬುಕ್ ಇತ್ತು. ಪ್ರತಿ ಫ್ಲಾಪಿ ಹೊರಡುವಾಗ ಅದರಲ್ಲಿ ಫೈಲಿನ ಹೆಸರು, ಎಷ್ಟು ಪುಟ, ಕೊನೆಯ ಪುಟದ ಕೊನೆಯ ಸಾಲು ಬರೆದುಕೊಳ್ಳುತ್ತಿದ್ದರು. ವಾಪಸು ಬಂದಾಗ ತಾಳೆ ನೋಡುತ್ತಿದ್ದರು. ನಂತರದ ವರ್ಷಗಳಲ್ಲಿ ಆ ಪುಸ್ತಕವನ್ನು ನೆನೆದು, ಯಂತ್ರಕ್ಕಿಂತ ಮನುಷ್ಯನೇ ಜಾಣ ಎಂಬುದಕ್ಕೆ ಸಾಕ್ಷಿಯಾಗಿ ಅದನ್ನು ಹೊಗಳುವುದು ಈ ಲೇಖಕನಿಗೂ ಅಭ್ಯಾಸವಾಗಿತ್ತು. ಸಮಾಧಾನವಾಗಿ ಯೋಚಿಸಿದರೆ ಆ ಹೊಗಳಿಕೆ ನಿಲ್ಲುವುದಿಲ್ಲ. ಪುಟಗಳ ಲೆಕ್ಕ ಮತ್ತು ಕೊನೆಯ ಸಾಲು ಎಂದರೆ ಗಾತ್ರ ಮತ್ತು ತಾರೀಖಿನಂಥದ್ದೇ ಅಡ್ಡದಾರಿ. ದಾನಿಗಳ ಪಟ್ಟಿಯ ನಡುವಿನ ಅಂಕಿ ಬದಲಾದದ್ದು ಲಾಂಗ್ ಬುಕ್ಕಿಗೂ ಕಾಣಲಿಲ್ಲ, ಅದೂ ಎರಡೂ ಕಡೆ ಸಮ ಎಂದೇ ಹೇಳಿತ್ತು. ಉಳಿಸಿದ್ದು ಆ ಪುಸ್ತಕವಲ್ಲ, ತಂತಿ ಕೊಕ್ಕೆ. ಬಿಲ್ಲಿನ ಹಣ ಕೈಗೆ ಬರುವವರೆಗೆ ಯಾವ ಪ್ರೂಫನ್ನೂ ಹರಿಯಬಾರದು ಎಂಬ ಪ್ರೆಸ್ಸಿನ ಹಳೆಯ ರೂಢಿ ಗಿರಾಕಿಯ ಜಗಳಕ್ಕೆ ಹೆದರಿ ಹುಟ್ಟಿದ್ದು, ದತ್ತಾಂಶ ರಕ್ಷಣೆಗೆಂದಲ್ಲ. ಆದರೂ ಈಗಿನ ಕ್ಲೌಡ್ ಸೇವೆಗಳು ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವ ಸೌಲಭ್ಯ ಎಂದು ಕೊಡುವುದು ಅದನ್ನೇ. ಬದಲಾವಣೆಯನ್ನು ಗುರುತಿಸುವಲ್ಲಿ ಯಾವ ವಿಧಾನವಾದರೂ ಒಮ್ಮೆ ಸೋಲುತ್ತದೆ; ಹಿಂದಿನ ಪ್ರತಿ ಉಳಿದಿದ್ದರೆ ಆ ಸೋಲು ತಡೆದುಕೊಳ್ಳುವಂಥದ್ದಾಗಿರುತ್ತದೆ.

ಫ್ಲಾಪಿಯ ಬಗ್ಗೆ ಹೇಳಲು ಒಳ್ಳೆಯ ಮಾತು ಹೆಚ್ಚಿಲ್ಲ. ಮಳೆಗಾಲ ಕಳೆದ ಮೇಲೆ ಅದರ ತಟ್ಟೆಯ ಮೇಲೆ ಬೂಸ್ಟು ಹಿಡಿಯುತ್ತಿತ್ತು. ಅಕ್ಕ ಪ್ರತಿ ಕೆಲಸಕ್ಕೂ ಎರಡೆರಡು ಫ್ಲಾಪಿ ಕೇಳಿದಾಗ ಯಜಮಾನರು ದುಂದು ಎನ್ನುತ್ತಿದ್ದರು. ಅಕ್ಕನೇ ಸರಿ.

ಗಡಿಯಾರದ ಕಥೆ ಬ್ಯಾಟರಿಯೊಂದಿಗೆ ಮುಗಿಯುವುದಿಲ್ಲ. ಡಾಸ್ ಕಾಲದಿಂದ ಬಂದ ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ ವರ್ಷಗಳ ಎಣಿಕೆ ಶುರುವಾಗುವುದೇ 1980ರಿಂದ. ಅದರಲ್ಲಿ ಸೆಕೆಂಡಿಗೆ ಮೀಸಲಾದ ಜಾಗ ಐದು ಬಿಟ್ ಮಾತ್ರ. ಐದು ಬಿಟ್‌ನಲ್ಲಿ 60 ಹಿಡಿಸುವುದಿಲ್ಲವಾದ್ದರಿಂದ ತಿದ್ದಿದ ವೇಳೆಯನ್ನು ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ ಬರೆಯಲಾಗುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆ ಅದಕ್ಕೆ ತೀರ ವಿರುದ್ಧ: 1601ರ ಜನವರಿ 1ರಿಂದ ಎಣಿಸಿ, ನೂರು ನ್ಯಾನೊಸೆಕೆಂಡಿನಷ್ಟು ಸೂಕ್ಷ್ಮವಾಗಿ ವೇಳೆ ಇಡುತ್ತದೆ. ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್, ಪೆನ್ ಡ್ರೈವ್ ಫ್ಯಾಟ್ ಆಗಿದ್ದರೆ, ಈಗಷ್ಟೇ ನಕಲು ಮಾಡಿದ ಫೈಲಿನ ವೇಳೆಯೂ ಎರಡು ಕಡೆ ಬೇರೆ ಕಾಣುತ್ತದೆ. ಅದಕ್ಕಾಗಿ ಸಿಂಕ್ ತಂತ್ರಾಂಶಗಳು ಒಂದೆರಡು ಸೆಕೆಂಡಿನ ವ್ಯತ್ಯಾಸವನ್ನು ಮನ್ನಿಸುವ ಆಯ್ಕೆ ಇಟ್ಟುಕೊಂಡಿವೆ. ಮನ್ನಿಸಿದ ಆ ಕಿಂಡಿಯಲ್ಲಿ ನಿಜವಾದ ತಿದ್ದುಪಡಿಯೊಂದು ನುಸುಳಿಹೋಗುವುದು ಅಪರೂಪ, ಆದರೆ ಅಸಾಧ್ಯವಲ್ಲ.

ಫ್ಯಾಟ್ ಬರೆದಿಡುವುದು ಸ್ಥಳೀಯ ಸಮಯವನ್ನು, ಎನ್‌ಟಿಎಫ್‌ಎಸ್ ಬರೆದಿಡುವುದು ವಿಶ್ವಮಾನ ಸಮಯವನ್ನು. ಬೆಂಗಳೂರಿನ ಇಂಜಿನಿಯರು ಪೆನ್ ಡ್ರೈವ್ ಹಿಡಿದು ಕ್ಯಾಲಿಫೋರ್ನಿಯಾದಲ್ಲಿ ಇಳಿದಾಗ ಅದರ ಫೈಲುಗಳೆಲ್ಲ ಇದ್ದಕ್ಕಿದ್ದಂತೆ ಹದಿಮೂರೂವರೆ ಗಂಟೆ ಮುಂದೆ ಹೋದಂತೆ ಕಾಣುತ್ತವೆ. ಅಲ್ಲಿ ಬೇಸಿಗೆ ವೇಳೆ ಜಾರಿಯಲ್ಲಿದ್ದರೆ ಹನ್ನೆರಡೂವರೆ. ‘ಹೊಸದು ಗೆಲ್ಲಲಿ’ ಎಂಬ ನಿಯಮ ಆಗ ಹಳೆಯದನ್ನೇ ಗೆಲ್ಲಿಸಬಹುದು. ಭಾರತದಲ್ಲಿ ಗಡಿಯಾರವನ್ನು ವರ್ಷಕ್ಕೆರಡು ಸಲ ತಿರುಗಿಸುವ ಪದ್ಧತಿ ಇಲ್ಲದಿರುವುದು ಇಲ್ಲಿನವರ ಪುಣ್ಯ. ಆದರೆ ವಿಂಡೋಸ್ ಹಾಕುವಾಗ ಅಮೆರಿಕದ ಸಮಯವಲಯವನ್ನು ಬದಲಿಸದೆ ಹಾಗೇ ಬಿಟ್ಟ ಯಂತ್ರಗಳಲ್ಲಿ ಆ ಪುಣ್ಯವೂ ಇರಲಿಲ್ಲ.

ತಾರೀಖಿಗೆ ಕಾಯದೆ, ಫೈಲು ಬದಲಾದ ಕ್ಷಣವೇ ಸುದ್ದಿ ಪಡೆಯುವ ದಾರಿ ಆಮೇಲೆ ಬಂತು. ಲಿನಕ್ಸ್‌ನಲ್ಲಿ 2005ರಲ್ಲಿ ಸೇರಿದ ಐನೋಟಿಫೈ, ಮ್ಯಾಕ್‌ನ ಎಫ್‌ಎಸ್‌ಇವೆಂಟ್ಸ್, ವಿಂಡೋಸ್‌ನ ಅಂಥದ್ದೇ ಏರ್ಪಾಡು, ಇವೆಲ್ಲ ಫೋಲ್ಡರಿನ ಮೇಲೆ ಕಾವಲು ಕೂರಿಸುವ ವಿಧಾನಗಳು. ಈಗಿನ ಕ್ಲೌಡ್ ಸಿಂಕ್ ತಕ್ಷಣ ಎಚ್ಚೆತ್ತುಕೊಳ್ಳುವುದು ಇವುಗಳಿಂದಲೇ. ಆದರೆ ಕಾವಲಿಗೂ ಮಿತಿ ಇದೆ. ಐನೋಟಿಫೈಯಲ್ಲಿ ಒಂದೊಂದು ಫೋಲ್ಡರಿಗೂ ಒಂದೊಂದು ಕಾವಲು ಬೇಕು. ಒಬ್ಬ ಬಳಕೆದಾರನಿಗೆ ಇಷ್ಟೇ ಎಂಬ ಮಿತಿ ಬಹುಕಾಲ 8192 ಇತ್ತು. ಅದನ್ನು ಮೀರಿದ ಫೋಲ್ಡರುಗಳಲ್ಲಿ ಏನೇ ಆದರೂ ಸುದ್ದಿ ಬರುವುದಿಲ್ಲ. ವಿಂಡೋಸ್‌ನಲ್ಲಿ ಒಮ್ಮೆಲೇ ಸಾವಿರಾರು ಫೈಲು ಬದಲಾದರೆ ಸುದ್ದಿ ಸಂಗ್ರಹಿಸುವ ಬಫರ್ ತುಂಬಿ, ಒಳಗಿದ್ದ ಸುದ್ದಿಯೂ ಕಳೆದುಹೋಗುತ್ತದೆ. ಆಗ ತಂತ್ರಾಂಶ ಫೋಲ್ಡರನ್ನೆಲ್ಲ ಮತ್ತೆ ಎಣಿಸಬೇಕು. ಸಿಂಕ್ ತಂತ್ರಾಂಶವನ್ನು ನಿಲ್ಲಿಸಿದ್ದ ಹೊತ್ತಿನಲ್ಲಿ ಆದ ಬದಲಾವಣೆಗೂ ಎಣಿಕೆಯೇ ಗತಿ. ಎಣಿಕೆಯೆಂದರೆ ಹೆಚ್ಚಿನ ಕಡೆ ಮತ್ತೆ ಅದೇ ತಾರೀಖು, ಅದೇ ಗಾತ್ರ.

ವೇಳೆಯನ್ನು ಬೇಕೆಂದೇ ಹಿಂದಕ್ಕೆ ತಿರುಗಿಸುವ ತಂತ್ರಾಂಶಗಳು ಗೂಢಲಿಪಿಯವು ಮಾತ್ರವಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆದ ಯೂನಿಸನ್ ಎಂಬ ಸಿಂಕ್ ತಂತ್ರಾಂಶದ ಕೈಪಿಡಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಎಕ್ಸೆಲ್‌ನಂಥ ಕೆಲವು ತಂತ್ರಾಂಶಗಳು ವೇಳೆ ಬದಲಿಸದೆಯೇ ಫೈಲು ತಿದ್ದುವುದರಿಂದ ಎಕ್ಸ್‌ಎಲ್‌ಎಸ್ ಫೈಲುಗಳಿಗೆ ಯೂನಿಸನ್ ವೇಗದ ತಪಾಸಣೆಯನ್ನೇ ಬಳಸುವುದಿಲ್ಲ, ಪೂರ್ತಿ ಓದುತ್ತದೆ. ಬದಲಾವಣೆಯೊಂದು ತನಗೆ ಕಾಣದೇ ಹೋದರೂ ಅದರ ಮೇಲೆ ಇನ್ನೊಂದು ಕಡೆಯ ಪ್ರತಿಯನ್ನು ಬರೆಯುವ ಮೊದಲು ಮತ್ತೊಮ್ಮೆ ಭದ್ರವಾಗಿ ಪರೀಕ್ಷಿಸುತ್ತದೆ. ಪ್ರೆಸ್ಸಿನ ಬ್ಯಾಚ್ ಫೈಲಿನಲ್ಲಿ ಇಲ್ಲದೇ ಹೋದದ್ದು ಈ ಎರಡನೆಯ ಪರೀಕ್ಷೆ. ಹಾಡುಗಳ ಎಂಪಿ3 ಫೈಲಿನಲ್ಲಿ ಗಾಯಕರ ಹೆಸರು ತಿದ್ದುವವರಿಗೂ ಇದೇ ಅನುಭವ ಆಗಬಹುದು. ಹೆಸರಿಗೆಂದು ಮೊದಲೇ ಖಾಲಿ ಜಾಗ ಬಿಟ್ಟಿರುವುದರಿಂದ ಗಾತ್ರ ಬದಲಾಗುವುದಿಲ್ಲ, ಹಳೆಯ ತಾರೀಖು ಉಳಿಸುವ ಆಯ್ಕೆ ಒತ್ತಿದ್ದರೆ ವೇಳೆಯೂ ಬದಲಾಗುವುದಿಲ್ಲ.

ಆ ಪ್ರೆಸ್ಸು ಈಗಿಲ್ಲ. ಅಂಥವು ಇರುವ ಕಡೆಗಳಲ್ಲೂ ಪ್ರೂಫು ಕಾಗದದ ಮೇಲೆ ಹೋಗುವುದು ಕಡಿಮೆ. ಪಿಡಿಎಫ್ ವಾಟ್ಸಾಪಿನಲ್ಲಿ ಹೋಗುತ್ತದೆ, ತಿದ್ದುಪಡಿ ವಾಯ್ಸ್ ಮೆಸೇಜಿನಲ್ಲಿ ಬರುತ್ತದೆ, ಫೋನಿನಲ್ಲಿ ಜಾಗ ಸಾಲದಾದಾಗ ಎರಡನ್ನೂ ಅಳಿಸುತ್ತಾರೆ. ಕೆಲಸ ಬೇಗ ಆಗುತ್ತದೆ, ಬೆಲೆಯೂ ಇಳಿದಿದೆ, ಅಕ್ಷರವೂ ಅಂದ. ಬೈಸಿಕಲ್ಲಿನ ಹುಡುಗನಿಗೆ ಆ ಕೆಲಸ ಮತ್ತೆ ಬೇಕೆಂದು ಯಾರೂ ಹೇಳಲಾರರು. ಅಲ್ಲಿ ಕೊಕ್ಕೆಯ ಜಾಗಕ್ಕೆ ಮಾತ್ರ ಬೇರೇನೂ ಬಂದಿಲ್ಲ. ಸಿಂಕ್ ಆಗಿದೆಯಲ್ಲ, ಬ್ಯಾಕಪ್ ಯಾಕೆ ಎಂದು ಕೇಳುವವರು ಬಹಳ. ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆಯೂ ಅಳಿಸುವುದು ಅದರ ಕರ್ತವ್ಯ.

ಗೂಢಲಿಪಿಯ ಪೆಟ್ಟಿಗೆಯನ್ನು ಕ್ಲೌಡ್ ಫೋಲ್ಡರಿನಲ್ಲಿ ಇಟ್ಟವರು ವೆರಾಕ್ರಿಪ್ಟ್‌ನ ಪ್ರಿಫರೆನ್ಸಸ್‌ಗೆ ಹೋಗಿ, ಪೆಟ್ಟಿಗೆಯ ತಿದ್ದಿದ ವೇಳೆಯನ್ನು ಹಾಗೇ ಉಳಿಸುವ ಗುರುತನ್ನು ತೆಗೆಯಬೇಕು. ಕೆಲಸ ಮುಗಿದ ಮೇಲೆ ಪೆಟ್ಟಿಗೆಯನ್ನು ಡಿಸ್‌ಮೌಂಟ್ ಮಾಡಿ, ಸಿಂಕ್ ಮುಗಿಯುವವರೆಗೆ ಕಂಪ್ಯೂಟರು ಆರಿಸಬಾರದು. ಹಳೆಯ ಡೆಸ್ಕ್‌ಟಾಪ್ ಇದ್ದವರು ಪರದೆಯ ಮೂಲೆಯ ತಾರೀಖನ್ನೂ ಸಮಯವಲಯವನ್ನೂ ನೋಡಿಕೊಳ್ಳುವುದು ಒಳ್ಳೆಯದು. ನಾಣ್ಯದ ಬ್ಯಾಟರಿ ದುಬಾರಿಯೇನಲ್ಲ. ಆರ್‌ಸಿಂಕ್ ಬಳಸುವವರು ಆಗಾಗ ಚೆಕ್‌ಸಮ್ ಆಯ್ಕೆ ಹಾಕಿ ಓಡಿಸಿದರೆ ಅದು ತಾರೀಖು ಬಿಟ್ಟು ಫೈಲುಗಳನ್ನೇ ಓದುತ್ತದೆ. ನಿಧಾನವಾಗುತ್ತದೆ, ರಾತ್ರಿ ಬಿಟ್ಟು ಮಲಗಿದರಾಯಿತು. ಹಸಿರು ಟಿಕ್ ಕಂಡ ಯಾವುದಾದರೂ ಒಂದು ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ತೆರೆದು, ನಿನ್ನೆ ತಿದ್ದಿದ ಸಾಲು ಅದರಲ್ಲಿದೆಯೇ ಎಂದು ಇವತ್ತೇ ನೋಡಿ.